ಕ್ಯಾಸೆಟ್ಟಿನಲ್ಲಿ ಕೊಟ್ಟ ಸಮಜಾಯಿಷಿ

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಹರೆಯದಲ್ಲಿ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಚಿಪ್ಪು ಒಡೆಯುತ್ತಿದ್ದಾಗ ಮಚ್ಚು ಜಾರಿ ಬಿದ್ದ ಏಟಂತೆ. ಟೇಪ್ ರೆಕಾರ್ಡರಿನಲ್ಲಿ ಧ್ವನಿ ಹಿಡಿಯಬೇಕಾದರೆ ಕೆಂಪು ಗುಂಡಿ, ಅದರ ಪಕ್ಕದ ಕರಿ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಬೇಕಿತ್ತು. ನಾವೆಲ್ಲ ಎರಡು ಬೆರಳು ಬಳಸುತ್ತಿದ್ದೆವು. ಅವರು ಆ ಅಗಲ ಹೆಬ್ಬೆರಳೊಂದನ್ನೇ ಎರಡರ ಮೇಲೂ ಊರಿ ಒತ್ತಿಬಿಡುತ್ತಿದ್ದರು.

ನಾನು ಶಿಕ್ಷಕರ ತರಬೇತಿ ಪಡೆದ ಶಾಲೆಯಲ್ಲಿ ಅವರು ಅಟೆಂಡರ್. ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಯಾವ ಶಾಲೆ ಎಂದು ಹೇಳುವುದಿಲ್ಲ, ತಿಪಟೂರು ಸೀಮೆಯದು ಅಂತಿಟ್ಟುಕೊಳ್ಳಿ. ಗಂಟೆ ಹೊಡೆಯುವುದು, ಕೊಠಡಿಗಳ ಬೀಗ ತೆಗೆಯುವುದು, ಟಪಾಲು ಕೊಡುವುದು ಅವರ ಕೆಲಸ. ಓದು ಬರಹ ಬಾರದು, ರುಜು ಒಂದನ್ನು ಮಾತ್ರ ಕಲಿತಿದ್ದರು. ನಾವು ಹುಡುಗಿಯರು ಅಟೆಂಡರಣ್ಣ ಎನ್ನುತ್ತಿದ್ದೆವು. ನನಗೆ ಪಾಠ ಹೇಳಿಕೊಟ್ಟವರ ಪಟ್ಟಿ ಮಾಡು ಎಂದರೆ ನಾನು ಮೊದಲು ಬರೆಯುವುದು ಅವರನ್ನೇ. ಮೂಗು ಮುರಿಯುವವರು ಮುರಿಯಲಿ.

ನಮ್ಮ ಪಠ್ಯದಲ್ಲಿ ದೃಕ್-ಶ್ರವಣ ಉಪಕರಣಗಳು ಎಂಬ ಅಧ್ಯಾಯವಿತ್ತು. ಸರ್ಕಾರ ಅದಕ್ಕೆಂದೇ ಶಾಲೆಗೆ ಒಂದು ಟೇಪ್ ರೆಕಾರ್ಡರ್ ಕಳಿಸಿತ್ತು. ಅದು ಪ್ರಿನ್ಸಿಪಾಲರ ಕೋಣೆಯ ಬೀರುವಿನಲ್ಲಿ ಬಟ್ಟೆ ಹೊದ್ದು ಕೂತಿತ್ತು. ಉಪನ್ಯಾಸಕರು ಅದರ ಭಾಗಗಳ ನೋಟ್ಸ್ ಕೊಡುತ್ತಿದ್ದರು, ನಾವು ಚಿತ್ರ ಬರೆದು ಹೆಸರು ಗುರುತಿಸುತ್ತಿದ್ದೆವು. ಇನ್ನೂ ತಮಾಷೆ ಎಂದರೆ, ಪ್ರತಿಯೊಬ್ಬರೂ ರಟ್ಟಿನಲ್ಲಿ ಒಂದೊಂದು ಟೇಪ್ ರೆಕಾರ್ಡರ್ ಮಾಡಿ ಬಣ್ಣ ಬಳಿದು ತರಬೇಕಿತ್ತು. ನನ್ನದು ಚೆನ್ನಾಗಿದೆ ಎಂದು ಗೋಡೆಗೆ ನೇತುಹಾಕಿದ್ದರು. ಅದೇ ಗೋಡೆಯ ಆಚೆ ಬದಿಗೆ ನಿಜವಾದ ಯಂತ್ರ ಬೀಗ ಹಾಕಿಸಿಕೊಂಡು ಕೂತಿತ್ತು. ಯಾಕೆ ತೋರಿಸುವುದಿಲ್ಲ ಸಾರ್ ಎಂದು ಒಮ್ಮೆ ಕೇಳಿದ್ದಕ್ಕೆ, "ಕೆಟ್ಟು ಹೋದರೆ ಯಾರು ಜವಾಬ್ದಾರಿ?" ಎಂದರು.

ನನಗೆ ಅದಕ್ಕಿಂತ ದೊಡ್ಡ ಕಷ್ಟ ಬೇರೊಂದಿತ್ತು. ನಾನು ಶೆಟ್ಟಿಕೆರೆ ಕಡೆಯ ಹಳ್ಳಿಯವಳು. ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ 'ಹ' ಎಂಬ ಅಕ್ಷರವೇ ಇಲ್ಲ. ಹಾಲು ಆಲು, ಹಸು ಅಸು, ಹೇಳು ಎಂಬುದು ಏಳು. ಬೋಧನಾಭ್ಯಾಸದ ನನ್ನ ಮೊದಲ ಪಾಠದಲ್ಲಿ ಒಬ್ಬ ಹುಡುಗನಿಗೆ "ಉತ್ತರ ಏಳು" ಎಂದೆ. ಅವನು ಎದ್ದು ನಿಂತ. "ನಿಲ್ಲಬೇಡಪ್ಪ, ಏಳು" ಎಂದೆ. ನಿಂತವನು ಇನ್ನೆಷ್ಟು ಏಳುವುದು ಎಂದು ಕಂಗಾಲಾಗಿ ಬೆಂಚು ಹತ್ತಿದ. ತರಗತಿಯೆಲ್ಲ ಘೊಳ್ಳೆಂದಿತು. ಹಿಂದೆ ಕೂತಿದ್ದ ಉಪನ್ಯಾಸಕರು ನನ್ನ ವೀಕ್ಷಣಾ ಪುಸ್ತಕದಲ್ಲಿ ಉಚ್ಚಾರದೋಷ ಎಂದು ಕೆಂಪು ಶಾಯಿಯಲ್ಲಿ ಬರೆದರು.

ಬೈಸಿಕೊಂಡ ಮೇಲೆ ಇನ್ನೊಂದು ಫಜೀತಿ ಶುರುವಾಯಿತು. ಹಕಾರ ತರಬೇಕೆಂಬ ಆತುರದಲ್ಲಿ ಬೇಡದ ಕಡೆಯೂ ತರತೊಡಗಿದೆ. ಅಕ್ಕಿ ರೊಟ್ಟಿಯನ್ನು ಹಕ್ಕಿ ರೊಟ್ಟಿ ಮಾಡಿದೆ. ಕೊನೆಗೆ ಉಪನ್ಯಾಸಕರು ಎಲ್ಲರೆದುರು ಹೇಳಿಯೇಬಿಟ್ಟರು: "ಹಕಾರ ಬಾರದವರನ್ನು ಮೇಷ್ಟ್ರು ಮಾಡಿ ಕಳಿಸುವುದು ಪಾಪ. ಅಂತಿಮ ಪಾಠದಲ್ಲೂ ಹೀಗೇ ಆದರೆ ಪಾಸು ಮಾಡಬೇಡಿ ಅಂತ ಪರೀಕ್ಷಕರಿಗೆ ನಾನೇ ಹೇಳ್ತೀನಿ." ಇನ್ನೊಂದು ವರ್ಷ ಹಾಸ್ಟೆಲಿನಲ್ಲಿಟ್ಟು ಓದಿಸುವ ಶಕ್ತಿ ನಮ್ಮಪ್ಪನಿಗೆ ಇರಲಿಲ್ಲ. ಆ ಪಾಠ ಕೆಟ್ಟರೆ ನಾನು ಮೇಷ್ಟ್ರಾಗುವ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಅಂದು ಶನಿವಾರ, ಅರ್ಧ ದಿನದ ಶಾಲೆ. ಎಲ್ಲರೂ ಬಸ್ಸಿಗೆ ಓಡಿದ ಮೇಲೆ ನಾನು ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದೆ. ಹಾಸ್ಟೆಲಿನ ಇಬ್ಬರು ಗೆಳತಿಯರು ಸಮಾಧಾನ ಹೇಳುತ್ತಿದ್ದರು. ಅಟೆಂಡರಣ್ಣ ಬೀಗದ ಗೊಂಚಲು ಹಿಡಿದು ಬಂದರು.

"ಬಾರವ್ವ ಒಳೀಕೆ. ಆ ಮಿಸಿನ್ನ ವಾರಕ್ಕೊಂದ್ಸಲ ಓಡಿಸ್ಬೇಕು, ಇಲ್ದಿದ್ರೆ ಬೆಲ್ಟು ಅಂಟ್ಕತದೆ ಅಂತ ಕಂಪನಿಯೋನು ಏಳವ್ನೆ. ಸುಮ್ಕೆ ಓಡಿಸೋ ಬದ್ಲು ನೀನು ಅದ್ರಾಗೆ ಮಾತಾಡು" ಎಂದರು.

ಯಂತ್ರ ತಂದುಕೊಟ್ಟ ದಿನ ಕಂಪನಿಯವನು ಎಲ್ಲರಿಗೂ ತೋರಿಸಿಕೊಡಲು ಬಂದಿದ್ದನಂತೆ. ದೊಡ್ಡವರೆಲ್ಲ ಕಾಫಿ ಕುಡಿಯುತ್ತಿದ್ದರಂತೆ. ಪಕ್ಕದಲ್ಲಿ ನಿಂತು ಕೊನೆಯವರೆಗೂ ನೋಡಿದವರು ಇವರೊಬ್ಬರೇ. ಧೂಳು ಒರೆಸಿ ವಾರಕ್ಕೊಮ್ಮೆ ಓಡಿಸುವ ಕೆಲಸವನ್ನು ಪ್ರಿನ್ಸಿಪಾಲರು ಇವರಿಗೇ ಒಪ್ಪಿಸಿದ್ದರು.

ನಾನು ಪಠ್ಯದ ಒಂದು ಪುಟ ಓದಿದೆ. ತುಂಬಾ ಎಚ್ಚರದಿಂದ, ಪ್ರತಿ ಹಕಾರವನ್ನೂ ಸರಿಯಾಗಿ ಹೇಳಿದೆ ಎಂಬ ನಂಬಿಕೆಯಿಂದ ಓದಿದೆ. ಅವರು ಹಿಂದಕ್ಕೆ ಸುತ್ತಿ ಹಾಕಿದರು. "ಅಳ್ಳಿಯ ಅಸುಗಳು ಆಲು ಕೊಡುತ್ತವೆ" ಎಂದು ಯಾರೋ ಓದುತ್ತಿದ್ದರು. ಅದು ನಾನೇ. ಅಷ್ಟೆಲ್ಲ ತಿದ್ದಿಕೊಂಡ ಮೇಲೆ ನನ್ನ ಬಾಯಿಂದ ಹಕಾರ ಬರುತ್ತಿದೆ ಎಂದೇ ತಿಳಿದಿದ್ದೆ, ಉಪನ್ಯಾಸಕರು ಬೇಕೆಂದೇ ಕಾಡುತ್ತಿದ್ದಾರೆ ಎಂದುಕೊಂಡಿದ್ದೆ. ನನಗೆ ಅಳು ತಡೆಯಲಾಗಲಿಲ್ಲ.

"ಯಾಕಳ್ತೀಯ? ಮಿಸಿನ್ನು ನಗಾಡ್ತಾ?" ಎಂದು ಕೇಳಿದರು.

ಇಲ್ಲ ಎಂದೆ.

"ನೀನೆಂಗೆ ಅಂದ್ಯೋ ಅಂಗೇ ಏಳ್ತು, ಅಷ್ಟೆ. ಇಲ್ಲಿ ಇನ್ನೊಂದ್ಸಲ ಅನ್ನು. ಸಾವ್ರ ಸಲ ಅಂದ್ರೂ ಅದ್ಕೆ ಬೇಜಾರಿಲ್ಲ."

ಅವತ್ತಿನಿಂದ ಪ್ರತಿ ಶನಿವಾರ ಮಧ್ಯಾಹ್ನ ನಾನು, ನನ್ನ ಗೆಳತಿಯರು, ಆ ಯಂತ್ರ. ಅಟೆಂಡರಣ್ಣ ನೆಲದ ಮೇಲೆ ಕೂತು ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವರ ಬಾಯಲ್ಲೂ ಹಕಾರವಿಲ್ಲ, ಆದರೆ ಕಿವಿ ಮಾತ್ರ ಅಸಾಧ್ಯವಾದದ್ದು. ಮಂಡಿಯಲ್ಲಿದ್ದಾಗ ಅಟ್ಟದಲ್ಲಿ ಒಣಗಿದ ಕಾಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುತ್ತಿದ್ದ ಕಿವಿ ಅದು. ನನ್ನ ಓದನ್ನೂ ಹಾಗೇ ಅಲ್ಲಾಡಿಸಿ ಕೇಳುತ್ತಿದ್ದರು. "ಇದು ಬಿಟ್ಟೈತೆ, ಇದಿನ್ನೂ ಅಂಟ್ಕಂಡೈತೆ" ಎಂದು ಒಂದೊಂದು ಮಾತಿಗೂ ತೀರ್ಪು ಕೊಡುತ್ತಿದ್ದರು. ಗುಂಡಿ ಒತ್ತುವುದು, ಸುತ್ತುವುದು, ಟೇಪು ಉಜ್ಜಿಕೊಂಡು ಹೋಗುವ ಹೆಡ್ಡಿಗೆ ಅಂಟಿದ ಮಸಿಯನ್ನು ಹತ್ತಿಯಿಂದ ಒರೆಸುವುದು, ಸಿಕ್ಕಿಹಾಕಿಕೊಂಡ ಟೇಪನ್ನು ಪೆನ್ಸಿಲಿನಿಂದ ಬಿಡಿಸುವುದು, ಎಲ್ಲವನ್ನೂ ನಮ್ಮ ಕೈಯಲ್ಲೇ ಮಾಡಿಸಿದರು. ನೋಟ್ಸ್ ಮಾತ್ರ ಕೊಡಲಿಲ್ಲ.

ಒಂದು ದಿನ ನಾನು, "ನಮ್ಮ ಮನೆ ಮಾತೇ ಕೆಟ್ಟದ್ದು ಅಲ್ವಾ ಅಣ್ಣ?" ಎಂದೆ. ಅವರಿಗೆ ಸಿಟ್ಟು ಬಂದದ್ದನ್ನು ಆವತ್ತೇ ನೋಡಿದ್ದು.

"ಯಾವನಂದೋನು? ನಮ್ಮವ್ವ ಆಲು ಅಂತ್ಲೇ ಕರ್ದು ಕುಡಿಸಿದ್ಲು, ಅದ್ರಾಗೆ ಕೆನೆ ಕಮ್ಮಿ ಇತ್ತಾ? ಈ ಅಕ್ಸರ ನನ್ನ ಖಾಕಿ ಅಂಗಿ ಇದ್ದಂಗೆ ಕಣವ್ವ. ಕೆಲ್ಸಕ್ಕೋಗೋವಾಗ ಆಕ್ಕೊ, ಮನೀಗೆ ಬಂದು ಬಿಚ್ಚಿಡು. ಅದ್ನೇ ನಿನ್ನ ಚರ್ಮ ಅಂದ್ಕಬ್ಯಾಡ."

ಅಂತಿಮ ಪಾಠ ಹತ್ತಿರ ಬಂತು. ನನ್ನನ್ನು ತಿದ್ದಿದ ಯಂತ್ರದಿಂದಲೇ ಮಕ್ಕಳಿಗೆ ಪಾಠ ಮಾಡುತ್ತೇನೆ ಎಂದು ಹಟ ಹಿಡಿದು ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟೆ. ಅದರ ಮೂಲೆಯಲ್ಲಿ ಅವಕಾಶವಿಲ್ಲ ಎಂದು ಬರೆದು ವಾಪಸು ಕಳಿಸಿದರು. ತಂದುಕೊಟ್ಟ ಅಟೆಂಡರಣ್ಣ ಏನು ಬರೆದಿದ್ದಾರೆ ಓದು ಎಂದರು. ಓದಿದೆ. "ಆಗ್ಲಿ" ಎಂದು ಹೊರಟುಹೋದರು. ನಾನು ಗೋಡೆಯ ಮೇಲಿದ್ದ ನನ್ನ ರಟ್ಟಿನ ಯಂತ್ರವನ್ನು ಇಳಿಸಿ ಧೂಳು ಕೊಡವಿ ಇಟ್ಟುಕೊಂಡೆ.

ಪರೀಕ್ಷೆಯ ದಿನ ರಸ್ತೆಯಾಚೆಯ ಪ್ರಾಥಮಿಕ ಶಾಲೆಯಲ್ಲಿ, ಬೇರೆ ಊರಿಂದ ಬಂದ ಪರೀಕ್ಷಕರು ಮತ್ತು ನಮ್ಮ ಉಪನ್ಯಾಸಕರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ನಾನು ಹಲಗೆಯ ಮೇಲೆ ಪಾಠದ ಹೆಸರು ಬರೆದು ತಿರುಗುವಷ್ಟರಲ್ಲಿ ಅಟೆಂಡರಣ್ಣ ಟವೆಲಿನಲ್ಲಿ ಸುತ್ತಿದ ಟೇಪ್ ರೆಕಾರ್ಡರನ್ನು ಹೆಗಲ ಮೇಲೆ ಹೊತ್ತು ಒಳಗೆ ಬಂದರು. ಮೇಜಿನ ಮೇಲಿಟ್ಟು, "ಕರೆಂಟಿಲ್ಲ, ನಮ್ಮನೆ ರೇಡಿಯೋ ಸೆಲ್ಲು ಆಕಿದೀನಿ" ಎಂದು ಹೇಳಿ ಬಾಗಿಲ ಹೊರಗೆ ನಿಂತುಕೊಂಡರು. ಉಪನ್ಯಾಸಕರು ಅರ್ಧ ಎದ್ದರು. ಪರೀಕ್ಷಕರು ಕುತೂಹಲದಿಂದ ಮುಂದೆ ಬಾಗಿದ್ದನ್ನು ನೋಡಿ ಮತ್ತೆ ಕೂತರು.

ಮಕ್ಕಳನ್ನು ಸುತ್ತ ಕೂರಿಸಿಕೊಂಡು ಧ್ವನಿ ಹಿಡಿಯುವ ಗುಂಡಿಗಳನ್ನು ಒತ್ತಿದೆ. ಮೂರು ಮಕ್ಕಳು ಚೆನ್ನಾಗಿಯೇ ಓದಿದರು. ನನಗೂ ಧೈರ್ಯ ಬಂತು. ಆ ಧೈರ್ಯದಲ್ಲಿ ಎಚ್ಚರ ತಪ್ಪಿ ಒಬ್ಬ ಹುಡುಗನಿಗೆ, "ಇದರ ಅರ್ಥ ಏಳು" ಎಂದುಬಿಟ್ಟೆ. ಹುಡುಗ ಎದ್ದು ನಿಂತ. ಮಕ್ಕಳು ಕಿಸಕ್ಕೆಂದರು. ಪರೀಕ್ಷಕರ ಪೆನ್ನು ಏನೋ ಬರೆಯಿತು.

ಯಂತ್ರ ಇನ್ನೂ ತಿರುಗುತ್ತಲೇ ಇತ್ತು. ಅದನ್ನು ನಿಲ್ಲಿಸಿ, ಹಿಂದಕ್ಕೆ ಸುತ್ತಿ, ಎಲ್ಲರಿಗೂ ಕೇಳುವಂತೆ ಹಾಕಿದೆ. ನನ್ನ "ಏಳು" ದೊಡ್ಡದಾಗಿ ಬಂತು. "ನಾನು ಏನು ಹೇಳಿದೆ? ಏನು ಹೇಳಬೇಕಾಗಿತ್ತು? ಇವನು ಯಾಕೆ ಎದ್ದು ನಿಂತ?" ಎಂದು ಮಕ್ಕಳನ್ನೇ ಕೇಳಿದೆ. ನಾ ಮುಂದು ತಾ ಮುಂದು ಎಂದು ಬಿಡಿಸಿ ಹೇಳಿದರು. ಆಮೇಲೆ ಒಬ್ಬೊಬ್ಬರಾಗಿ ಬಂದು ಹೇಳು, ಏಳು ಎರಡನ್ನೂ ಹೇಳಿ ತಮ್ಮ ಧ್ವನಿ ತಾವೇ ಕೇಳಿಸಿಕೊಂಡರು. ಅರ್ಧ ಜನ ಮಕ್ಕಳದ್ದು ಎರಡೂ ಒಂದೇ. ನಗು ಅಲ್ಲಿಗೆ ನಿಂತಿತು. ಎದ್ದು ನಿಂತಿದ್ದ ಹುಡುಗ, "ನಮ್ಮನೇಲೆಲ್ಲ ಏಳು ಅಂತ್ಲೇ ಅನ್ನಾದು ಮೇಡಂ" ಎಂದ. "ನಮ್ಮನೆಯಲ್ಲೂ ಹಾಗೇ" ಎಂದೆ. ಉಪನ್ಯಾಸಕರ ಮುಖ ನೋಡಿಕೊಂಡೇ ಎಂದೆ.

ಗಂಟೆ ಹೊಡೆದ ಮೇಲೆ ಪರೀಕ್ಷಕರು ಕರೆದರು. "ಎಲ್ಲರೂ ರಟ್ಟು ತೋರಿಸಿದರಮ್ಮ. ನಿಮಗೆ ಇದನ್ನು ಬಳಸುವುದು ಯಾರು ಕಲಿಸಿದರು?" ಎಂದರು. ನಾನು ಬಾಗಿಲ ಕಡೆ ಕೈ ತೋರಿಸಿ, "ಅವರು ಸಾರ್" ಎಂದೆ. ಆ ಮಾತು ಆಡಬಾರದಿತ್ತೇನೋ ಎಂದು ಎಷ್ಟೋ ವರ್ಷ ಕೊರೆಯಿತು.

ಮರುದಿನವೇ ಅಟೆಂಡರಣ್ಣನಿಗೆ ಮೆಮೊ ಬಂತು. ಅನುಮತಿಯಿಲ್ಲದೆ ಸರ್ಕಾರಿ ಸ್ವತ್ತನ್ನು ಹೊರಗೆ ಸಾಗಿಸಿದ್ದಕ್ಕೆ ಮೂರು ದಿನದೊಳಗೆ ಸಮಜಾಯಿಷಿ ಕೊಡಬೇಕು. ನಾನು ಕಾಗದ ಪೆನ್ನು ಹಿಡಿದು ಓಡಿದೆ. ತಿಳಿಯದೆ ಮಾಡಿದ ತಪ್ಪನ್ನು ದಯವಿಟ್ಟು ಕ್ಷಮಿಸಬೇಕು ಎಂದು ಬರೆದು ಓದಿ ಹೇಳಿದೆ.

"ನಾನು ಅಂಗಂದೇ ಇಲ್ವಲ್ಲ" ಎಂದರು. "ತಿಳೀದೆ ಮಾಡ್ಲಿಲ್ಲ. ತಪ್ಪೂ ಮಾಡ್ಲಿಲ್ಲ. ನೀನು ಬರೆದ್ರೆ ಅದು ನಿನ್ ಮಾತಾಯ್ತದೆ. ಕ್ಯಾಸೆಟ್ಟು ತಗಂಬಾ."

ಬೀರುವಿನ ಬೀಗದ ಕೈ ಇನ್ನೂ ಅವರ ಗೊಂಚಲಿನಲ್ಲೇ ಇತ್ತು. ಹಾಗೆ ಅವರ ಸಮಜಾಯಿಷಿ ಕ್ಯಾಸೆಟ್ಟಿನಲ್ಲಿ ತಯಾರಾಯಿತು. ಕಂದು ಲಕೋಟೆಯಲ್ಲಿ ಹಾಕಿ, ಅಂಟಿಸಿ, ಮೇಲೆ ರುಜು ಮಾಡಿ, ಟಪಾಲಿನ ಜೊತೆ ಇಟ್ಟರು. ಪ್ರಿನ್ಸಿಪಾಲರು ಲಕೋಟೆ ಒಡೆದು ನೋಡಿ ಗುಮಾಸ್ತರನ್ನು ಕರೆದರು. ಗುಮಾಸ್ತರು ಉಪನ್ಯಾಸಕರನ್ನು ಕರೆದರು. ಬೀರುವಿನಿಂದ ಯಂತ್ರ ಇಳಿಸಿದರು. ಭಾಗಗಳ ನೋಟ್ಸ್ ಕೊಟ್ಟವರೇ ಕ್ಯಾಸೆಟ್ಟನ್ನು ತಿರುವುಮುರುವಾಗಿ ಇಟ್ಟು ಮುಚ್ಚಳ ಅದುಮುತ್ತಿದ್ದರು. ಜಗುಲಿಯ ಕಿಟಕಿಯಲ್ಲಿ ಇಡೀ ತರಗತಿಯೇ ನಿಂತು ನೋಡುತ್ತಿತ್ತು. ಕೊನೆಗೆ ಪ್ರಿನ್ಸಿಪಾಲರು ಬೆಲ್ಲು ಒತ್ತಿದರು. ಅಟೆಂಡರಣ್ಣ ಒಳಗೆ ಬಂದು ಕ್ಯಾಸೆಟ್ಟು ತಿರುಗಿಸಿ ಹಾಕಿ, ಗುಂಡಿ ಒತ್ತಿ, ಕೈಕಟ್ಟಿ ಪಕ್ಕಕ್ಕೆ ನಿಂತರು.

"ಸಾಮಿ, ನಾನು ಅಟೆಂಡರ್ರು ಮಾತಾಡ್ತಿರಾದು. ಮಿಸಿನ್ನ ತಗಂಡೋಗಿದ್ದು ನಾನು. ಆ ಉಡುಗಿ ನನ್ನ ಕೇಳ್ಲಿಲ್ಲ. ಎರಡು ವರ್ಸ ಒರೆಸಿ ಒರೆಸಿ ಇಟ್ಟಿವ್ನಿ. ಯಾರಾನಾ ಕೇಳ್ಕಂಡು ಬತ್ತಾರೆ ಅಂತ ಕಾದೆ, ಬರ್ಲಿಲ್ಲ. ಸರ್ಕಾರದೋರು ಇದ್ನ ಮೇಷ್ಟ್ರಾಗೋರಿಗೆ ಅಂತ ಕಳ್ಸವ್ರೆ, ಬೀರೂಗೆ ಅಂತ ಕಳ್ಸಿಲ್ಲ."

"ಸಾಕು, ಆಫ್ ಮಾಡಯ್ಯ" ಎಂದರು ಪ್ರಿನ್ಸಿಪಾಲರು.

"ಇನ್ನೂ ಐತೆ ಸಾಮಿ" ಎಂದು ಅವರು ಕಟ್ಟಿದ ಕೈ ಬಿಚ್ಚಲಿಲ್ಲ.

ಯಂತ್ರ ಮುಂದುವರಿಯಿತು: "ತಪ್ಪಾಯ್ತು ಅಂತ ಬರ್ಕೊಡು ಅಂತೀರ. ನಂಗೆ ಅಕ್ಸರ ಬರಾಕಿಲ್ಲ. ಬಂದಿದ್ರೂ ಅದ್ನ ಬರೀತಿರ್ಲಿಲ್ಲ."

ನಾನು ಪಾಸಾದೆ. ಸರ್ಟಿಫಿಕೇಟು ತರಲು ಹೋದಾಗ ಬಾಗಿಲಲ್ಲಿ ಬೇರೆ ಅಟೆಂಡರ್ ಇದ್ದರು. ಅಟೆಂಡರಣ್ಣನನ್ನು ಪಾವಗಡದ ಕಡೆಗೆ ವರ್ಗ ಮಾಡಿದ್ದರು. ಬೀರುವಿಗೆ ಈಗ ಎರಡು ಬೀಗ. ಸರ್ಟಿಫಿಕೇಟಿಗೆ ರುಜು ಹಾಕಿಸಿಕೊಳ್ಳುವಾಗ ಪ್ರಿನ್ಸಿಪಾಲರಿಗೆ ನಮಸ್ಕಾರ ಮಾಡಲಿಲ್ಲ. ಅದಕ್ಕೆ ಇವತ್ತಿಗೂ ನನಗೆ ನಾಚಿಕೆಯಿಲ್ಲ.

ನನಗೆ ತುರುವೇಕೆರೆ ತಾಲ್ಲೂಕಿನಲ್ಲಿ ಕೆಲಸವಾಯಿತು. ಅವರನ್ನು ನೋಡಲು ಹೋಗಬೇಕೆಂದು ವರ್ಷಗಟ್ಟಲೆ ಅಂದುಕೊಂಡೆ, ಯಾವ ಮುಖ ಹೊತ್ತು ಹೋಗುವುದೆಂದು ಹಿಂದೆಗೆದೆ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಮ್ಮಸಂದ್ರದ ಬಸ್ಸಿನಲ್ಲಿ ಹಳೆಯ ಗೆಳತಿ ಸಿಕ್ಕಿ, ಅವರು ತೀರಿಕೊಂಡು ಹದಿನೈದು ದಿನವಾಯಿತು ಎಂದಳು. ಸಂಪಿಗೆ ಎಂಬ ಊರಿನ ಹತ್ತಿರದ ಅವರ ಹಳ್ಳಿಗೆ ಆ ಭಾನುವಾರವೇ ಹೋದೆ.

ಅವರ ಹೆಂಡತಿ ಜಗುಲಿಯಲ್ಲಿ ತೆಂಗಿನ ಗರಿಯ ಕಡ್ಡಿ ಹೆರೆಯುತ್ತಿದ್ದರು. ನಾನು ಇಂಥವಳು, ಅವರಿದ್ದ ಶಾಲೆಯಲ್ಲಿ ಓದಿದವಳು ಎಂದೆ. ಕತ್ತಿ ಕೆಳಗಿಟ್ಟು ನನ್ನನ್ನೇ ನೋಡಿದರು.

"ಆ ಮಿಸಿನ್ ಉಡುಗಿ ನೀನೇನಾ?"

"ಊಂ ಕಣವ್ವ, ನಾನೇಯ."

ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿ ಎಂದೂ ಅಂದುಕೊಂಡೆ. ಗಂಡ ಅಷ್ಟು ವರ್ಷ ಮನೆ ಬಿಟ್ಟು ದೂರದ ಊರಿನಲ್ಲಿ ಒಬ್ಬರೇ ಬೇಯಿಸಿಕೊಂಡು ತಿಂದಿದ್ದು ನನ್ನಿಂದ ತಾನೆ.

"ಮೇಡಮ್ಮಾದ್ಯಾ?" ಎಂದು ಕೇಳಿದರು.

"ಆದೆ."

"ಅಂಗಾರೆ ಬುಡು" ಎಂದು ಸೆರಗು ಕೊಡವಿಕೊಂಡು ಎದ್ದರು. ಒಳಗೆ ಹೋಗಿ ಕಾಫಿಗೆ ನೀರಿಟ್ಟರು.