ಎದುರು ಮನೆ ದೊಡ್ಡಮ್ಮನ ಸರಿಹಿಟ್ಟು

ಹೋದ ವಾರ ಡಾಕ್ಟರು ಸುಸ್ತಿಗೆ ಅಂತ ಹಾಲಿಗೆ ಹಾಕಿಕೊಳ್ಳುವ ಪುಡಿ ಬರೆದುಕೊಟ್ಟರು. ಬಾಟಲಿ ಮುಚ್ಚಳ ತೆಗೆದೆ, ಮೊಳಕೆ ಕಟ್ಟಿ ಹುರಿದ ಕಾಳಿನ ಘಮ ಬಂತು. ಚಮಚ ಕೈಯಲ್ಲೇ ಉಳಿಯಿತು. ನಂಜನಗೂಡಿನ ನಮ್ಮ ಬೀದಿ, ಎದುರು ಮನೆ ದೊಡ್ಡಮ್ಮ...

ಎಪ್ಪತ್ತರ ದಶಕದ ಕೊನೆ. ನಾನು ಆ ಬೀದಿಗೆ ಸೊಸೆಯಾಗಿ ಬಂದಾಗ ಅಲ್ಲಿನ ಕೂಸುಗಳೆಲ್ಲ ತಿನ್ನುತ್ತಿದ್ದದ್ದು ದೊಡ್ಡಮ್ಮನ ರಾಗಿ ಸರಿ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸುತ್ತಿದ್ದರು. ಗಂಡ ಇಲ್ಲದ ಹೆಂಗಸು ಅಂತ ಶುಭಕಾರ್ಯಕ್ಕೆ ಯಾರೂ ಕರೀತಿರಲಿಲ್ಲ. ಆದರೆ ಕೂಸಿಗೆ ಸರಿ ಶುರುಮಾಡುವುದು ಮಾತ್ರ ಅವರ ಬೆರಳಿಂದಲೇ ಆಗಬೇಕು. ಬೀದಿಯಲ್ಲಿ ಅವರಿಗಿದ್ದ ಮರ್ಯಾದೆ ಅದೊಂದೇ. ನನ್ನ ಮಗನಿಗೂ ಅವರೇ ಮೊದಲು ತಿನ್ನಿಸಿದ್ದು.

ಅವರ ಮಗ ಮೈಸೂರಿನಲ್ಲಿ ಫಿಟ್ಟರು. ಟ್ರೇನಿಂಗಿಗೆ ಅಂತ ಜರ್ಮನಿಗೆ ಹೋದವನು ಬರುವಾಗ ಅಮ್ಮನಿಗೆ ತವರದ ಮುಚ್ಚಳದ ಪಿಂಗಾಣಿ ಮಗ್ ತಂದ. ಇರುವೆ ಹತ್ತೋದಿಲ್ಲ ಅಂತ ದೊಡ್ಡಮ್ಮ ಅದರಲ್ಲೇ ಹಿಟ್ಟು ತುಂಬಿ ಮನೆಮನೆಗೆ ತರೋರು.

ಒಂದು ಭಾನುವಾರ ಅವರ ಜಗಲಿಯಲ್ಲಿ ಕೂತಿದ್ದಾಗ, ರಜಕ್ಕೆ ಬಂದಿದ್ದ ಆ ಮಗನನ್ನು, ಮಗ್ ಮೇಲಿನ ಚಿತ್ರದ ಗೋಪುರ ಯಾವುದಪ್ಪ ಅಂತ ನಾನೇ ಕೇಳಿದೆ. ಕೇಳಬಾರದಿತ್ತು...

"ಕ್ರೈಸ್ತರ ಮಠ ಕಣಕ್ಕ. ನೂರಾರು ವರ್ಷದ್ದು. ಅಲ್ಲಿ ಸನ್ಯಾಸಿಗಳೇ ಬೀರ್ ಮಾಡ್ತಾರೆ. ಇದು ಅದನ್ನ ಕುಡಿಯೋ ಮಗ್ಗೇ."

ಪಾಪ, ಅವನಿಗೆ ಹೇಳುವ ಉತ್ಸಾಹ. ಬಾರ್ಲಿ ನೆನೆಸಿ ಮೊಳಕೆ ಬರಿಸುತ್ತಾರಂತೆ, ಒಣಗಿಸಿ ಹುರಿಯುತ್ತಾರಂತೆ. ಯಾವುದೋ ಬಳ್ಳಿಯ ಕಹಿ ಹೂವು ಹಾಕಿ ಕುದಿಸಿ, ನೆಲಮಾಳಿಗೆಯ ತಂಪಲ್ಲಿ ತಿಂಗಳುಗಟ್ಟಲೆ ಇಡುತ್ತಾರಂತೆ. ಗೋಧಿಯದು ಮಬ್ಬುಮಬ್ಬು, ಬೇಸಿಗೆಯದು ಹೊಂಬಣ್ಣ. ಅವರ ದೊಡ್ಡ ಹಬ್ಬಕ್ಕೆ ಮುಂಚೆ ನಲವತ್ತು ದಿನ ಉಪವಾಸವಂತೆ, ಆಗ ಕುಡಿಯುವ ಬೀರು ಮಾತ್ರ ಕರ್ರಗೆ, ಗಟ್ಟಿಯಾಗಿ.

"ಆ ದಿನಗಳಲ್ಲಿ ಅದೇ ಅವರಿಗೆ ಊಟ ಅಕ್ಕ. ನಮ್ಮಮ್ಮನ ಸರಿ ಥರಾನೇ, ಕಾಳು ಬೇರೆ ಅಷ್ಟೆ."

ನಮ್ಮತ್ತೆ ಎದುರು ಬಾಗಿಲಲ್ಲೇ ನಿಂತಿದ್ದರು. "ಹೆಂಡದ ಮಗ್ಗಲ್ಲಿ ನಮ್ಮ ಕೂಸಿಗೆ ಹಿಟ್ಟಾ? ನಂಜುಂಡನ ಬೀದೀಲಿ?"

ಸಂಜೆಯೊಳಗೆ ಹೊಳೆ ಮೆಟ್ಟಿಲವರೆಗೂ ಸುದ್ದಿ. "ಅದಕ್ಕೇ ಕಣ್ರೀ ನಮ್ಮ ಕೂಸು ಸರಿ ತಿಂದ ತಕ್ಷಣ ಅಮಲೇರಿ ಮಲಗ್ತಿದ್ದುದು" ಅಂತ ಪಕ್ಕದ ಮನೆಯವಳು ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಾರನೇ ದಿನ ದೊಡ್ಡಮ್ಮ ಹಿತ್ತಾಳೆ ಡಬ್ಬಿಯಲ್ಲಿ ಹಿಟ್ಟು ತಂದರು. ಮಗ್ಗನ್ನು ಹೊಳೆಗೆ ಎಸೆದು ಬಂದಿದ್ದರು. "ತಲೆಗೆ ಸ್ನಾನ ಮಾಡಿ ಬೀಸಿದೀನಿ ಕಣಮ್ಮ" ಅಂದರು. ಅತ್ತೆ ನನ್ನ ಕಡೆ ತಿರುಗಿ, "ಹಸು ಬೂಸಾಕ್ಕೆ ಸುರಿ" ಅಂದರು.

ಸುರಿದೆ. ಅವರ ಕಣ್ಣೆದುರೇ ಸುರಿದು, ಕೈಯಾಡಿಸಿ ಚೆನ್ನಾಗಿ ಕಲಸಿದೆ. ಕಲಸು ಅಂತ ಯಾರೂ ಹೇಳಿರಲಿಲ್ಲ.

"ಹಸೂನಾದ್ರೂ ತಿನ್ಲಿ ಬಿಡು" ಅಂದು, ಖಾಲಿ ಡಬ್ಬಿಯನ್ನು ಸೆರಗಲ್ಲಿ ಒರೆಸಿಕೊಂಡು ಹೋದರು.

ಆಮೇಲೆ ಯಾವ ಮನೆಯವರೂ ಅವರನ್ನು ಕರೆಯಲಿಲ್ಲ. ಮಕ್ಕಳಿಗೆ ಮೆಡಿಕಲ್ ಸ್ಟೋರಿನ ಬಾಟಲಿ ಪುಡಿ ಬಂತು. ದೊಡ್ಡಮ್ಮ ತಿ. ನರಸೀಪುರದ ತಂಗಿ ಮನೆ ಸೇರಿಕೊಂಡರು.

ಐದಾರು ವರ್ಷದ ಮೇಲೆ ಅಲ್ಲಿಗೆ ಸಂಗಮದ ಸ್ನಾನಕ್ಕೆ ಹೋದಾಗ ಮೆಟ್ಟಿಲ ಮೇಲೆ ಸಿಕ್ಕರು. ಬಡಕಲಾಗಿದ್ದರು. ನನ್ನ ಮಗನ ಕೆನ್ನೆಗೆ ಕೈ ಚಾಚಿ, ಅರ್ಧಕ್ಕೇ ನಿಲ್ಲಿಸಿ, "ಮುಟ್ಟಬಹುದಾ ತಾಯಿ?" ಅಂದರು.

ಅತ್ತೆ ಪಕ್ಕದಲ್ಲೇ ಇದ್ದರು. "ಅವನಿಗೆ ಸ್ನಾನ ಆಗಿದೆ" ಅಂದೆ.

ಕೈ ಹಿಂದಕ್ಕೆ ಹೋಯಿತು. ಮುಂದಿನ ವರ್ಷ ದೊಡ್ಡಮ್ಮ ತೀರಿಹೋದ ಸುದ್ದಿ ಬಂತು...

ನಿನ್ನೆ ಮೊಮ್ಮಗಳ ಕೈಲಿ ಬಾಟಲಿಯ ಚೀಟಿ ಓದಿಸಿದೆ. "ಮೊಳಕೆ ಬರಿಸಿದ ಬಾರ್ಲಿ ಅಂತಿದೆ ಅಜ್ಜಿ" ಅಂದಳು. ದೊಡ್ಡಮ್ಮನನ್ನು ಕಳಿಸಿ ನಾವು ಮನೆಯೊಳಗೆ ತಂದುಕೊಂಡದ್ದು ಆ ಮಠದ ಕಾಳನ್ನೇ.

ದೇವರು ನನಗೇನೂ ಕಡಿಮೆ ಮಾಡಿಲ್ಲ. ಕಣ್ಣು ಕಾಣುತ್ತೆ, ಮಂಡಿ ಮಡಚುತ್ತೆ, ಮಗ ಔಷಧಿ ತಂದುಕೊಡುತ್ತಾನೆ. ದಿನಾ ಬೆಳಿಗ್ಗೆ ಒಂದೊಂದಾಗಿ ನೆನೆದು ಕೈಮುಗಿಯುತ್ತೇನೆ. ತಪ್ಪಾಯಿತು ಅನ್ನೋಣ ಅಂದರೆ ಎದುರು ಮನೆಯಲ್ಲಿ ಈಗ ಯಾರಿದ್ದಾರೆ?

ಎರಡು ಚಮಚ ಪುಡಿ ಹಾಲಿಗೆ ಸುರಿದು ಕಲಸುತ್ತೇನೆ. ಬೂಸಾ ಕಲಸಿದ ಕೈ ಅದೇ.