ಉಪ್ಪು ಕೂತ ಹನ್ನೊಂದು ಕಂಬಗಳು

ವಿದ್ಯುತ್ ಕಚೇರಿಯಲ್ಲಿ ಗುತ್ತಿಗೆಯ ಗುಮಾಸ್ತನಾಗಿ ಸೇರಿದ ಮೊದಲ ದಿನವೇ ಕಾವೂರಿನ ಯತಿನ್ ತನ್ನ ಜ್ಞಾನವನ್ನು ಎಲ್ಲರೆದುರು ಬಿಚ್ಚಿಟ್ಟಿದ್ದ. ಕಂಬದ ತುದಿಯಲ್ಲಿ, ಕೊಡೆಯ ಮೇಲೆ ಕೊಡೆ ಇಟ್ಟ ಹಾಗೆ ಪಿಂಗಾಣಿಯ ಇನ್ಸುಲೇಟರ್‌ಗಳು ಇರುತ್ತವಲ್ಲ, ಅವು ಕಾಗೆಗಳು ಶಾಕ್ ಹೊಡೆಸಿಕೊಳ್ಳದೆ ಕೂರಲಿಕ್ಕೆ ಮಾಡಿದ ಪೀಠಗಳು ಎಂದು ಅವನು ತಿಳಿದಿದ್ದ. ಚಹಾ ಕುಡಿಯುತ್ತಿದ್ದ ಲೈನ್‌ಮ್ಯಾನ್ ಯಾದವಣ್ಣ ಲೋಟ ಕೆಳಗಿಟ್ಟು, "ಹೌದು ಮಾರಾಯ, ಮಳೆಗಾಲದಲ್ಲಿ ಮೆತ್ತೆಯೂ ಹಾಕ್ತೇವೆ" ಎಂದರು. ಯತಿನ್ ಮಧ್ಯಾಹ್ನದವರೆಗೆ ಅದನ್ನೂ ನಂಬಿದ್ದ.

ಯಾದವಣ್ಣ ಬೋಳಾರದವರು. ಅಜ್ಜ, ಅಪ್ಪ ಎಲ್ಲರೂ ಕಡಲಿಗೆ ಹೋದವರು. ಇವರೊಬ್ಬರೇ ದೋಣಿ ಬಿಟ್ಟು ಕಂಬ ಹತ್ತಿದ್ದು. ಹತ್ತಿಸಿದವಳು ಹಿರಿಯಕ್ಕ ಅಕ್ಕು. ಮೀನಿನ ಬುಟ್ಟಿ ತಲೆಯ ಮೇಲಿಟ್ಟು ಮನೆಮನೆ ತಿರುಗಿ ತಮ್ಮನನ್ನು ಐಟಿಐ ಓದಿಸಿದ್ದಳು. ಸೌದೆ ಒಲೆಯ ಹೊಗೆ ಅವಳ ಶ್ವಾಸಕೋಶವನ್ನು ತಿಂದು ಹಾಕಿತ್ತು. ಈಗ ಹಗಲೂ ರಾತ್ರಿ ಮೂಗಿಗೆ ಆಕ್ಸಿಜನ್ ಮೆಷಿನಿನ ನಳಿಗೆ. ಅದು ಕರೆಂಟಿನಲ್ಲೇ ನಡೆಯಬೇಕು. "ನನ್ನ ಉಸಿರು ನಿನ್ನ ತಂತಿಯಲ್ಲಿ ಬರುವುದು, ಜಾಗ್ರತೆ" ಎಂದು ತಮ್ಮನನ್ನು ಕಿಚಾಯಿಸುತ್ತಿದ್ದಳು.

ಯಾದವಣ್ಣ ದೋಣಿ ಬಿಟ್ಟರೂ ಕಡಲಿನವರ ನಾಲಗೆ ಬಿಟ್ಟಿರಲಿಲ್ಲ. ಕಂಬದಿಂದ ಇಳಿಸಿದ ಇನ್ಸುಲೇಟರನ್ನು ಹೆಬ್ಬೆರಳಲ್ಲಿ ಒರೆಸಿ, ಒಣಮೀನಿನ ಉಪ್ಪು ನೋಡುವ ಹಾಗೆ ನಾಲಗೆಗೆ ಮುಟ್ಟಿಸುತ್ತಿದ್ದರು. ಗಾಳಿಯಲ್ಲಿ ಬಂದ ಉಪ್ಪು ಬೇಸಗೆಯಿಡೀ ಅದರ ಮೇಲೆ ಕೂರುತ್ತದೆ. ಒಣಗಿರುವವರೆಗೆ ಸುಮ್ಮನಿರುತ್ತದೆ. ಪಸೆಯಾಗಿ ಒದ್ದೆಯಾದರೆ ಮಾತ್ರ ಕರೆಂಟು ತಂತಿ ಬಿಟ್ಟು ಅದರ ಮೇಲೇ ದಾರಿ ಮಾಡಿಕೊಂಡು ಕಂಬಕ್ಕೆ ಇಳಿಯುತ್ತದೆ, ಲೈನ್ ಬೀಳುತ್ತದೆ, ಮನೆಗಳಿಗೆ ಕರೆಂಟು ಹೋಗುತ್ತದೆ.

"ಹಾಗಾದರೆ ಗಾಜಿನದ್ದು ಒಳ್ಳೆಯದಾ, ಪಿಂಗಾಣಿಯದ್ದಾ?" ಎಂದು ಯತಿನ್ ಒಮ್ಮೆ ಕೇಳಿದ್ದ.

"ನೀರು ಎರಡರ ಮೇಲೂ ಹರಡಿಕೊಳ್ತದೆ. ಆದರೆ ಗಾಜು ಹಾಳಾದರೆ ಚೂರುಚೂರಾಗಿ ಬೀಳ್ತದೆ, ಕೆಳಗಿಂದಲೇ ಗೊತ್ತಾಗ್ತದೆ. ಪಿಂಗಾಣಿ ಒಳಗೊಳಗೇ ಬಿರುಕು ಬಿಟ್ಟು ನಗ್ತಾ ನಿಂತಿರ್ತದೆ, ಕಳ್ಳ."

"ಈಗ ಬಂದ ಪಾಲಿಮರ್?"

"ಹೊಸತರಲ್ಲಿ ಕೆಸುವಿನ ಎಲೆ ನೋಡು, ನೀರು ಹನಿಹನಿಯಾಗಿ ಜಾರ್ತದೆ. ನಾಲ್ಕು ಬೇಸಗೆ ಬಿಸಿಲು, ಉಪ್ಪು ತಿಂದು ಬಿಳಿಚಿಕೊಂಡಿತಾ, ಅದೂ ಪಿಂಗಾಣಿಯ ಹಾಗೇ. ಎಂತದ್ದೇ ಇರಲಿ, ಉಪ್ಪು ಒರೆಸಬೇಕು."

ಇಷ್ಟು ಕೇಳಿಯೂ ಯತಿನ್ ಕಲಿತದ್ದು ಸೊನ್ನೆ. ಏಪ್ರಿಲ್‌ನಲ್ಲಿ ಯಾದವಣ್ಣ ಅರ್ಜಿ ಕೊಟ್ಟರು: ನೇತ್ರಾವತಿ ಬದಿಯ ಹನ್ನೊಂದು ಕಂಬಗಳನ್ನು ಒರೆಸಬೇಕು, ಒಂದು ದಿನ ಲೈನ್ ನಿಲ್ಲಿಸಲು ಅನುಮತಿ ಬೇಕು. ಅರ್ಜಿಗಳ ಸಾರಾಂಶ ಬರೆದು ಇಂಜಿನಿಯರ್ ವಿಷ್ಣುಪ್ರಸಾದರ ಮೇಜಿಗೆ ಇಡುವುದು ಯತಿನ್‌ನ ಕೆಲಸ. ಅವನು ಬಹಳ ಯೋಚಿಸಿ ಬರೆದ: 'ಮಳೆ ಬಂದಾಗ ತಾನಾಗಿ ತೊಳೆದುಹೋಗುತ್ತದೆ. ತುರ್ತಿಲ್ಲ.' ವಿಷ್ಣುಪ್ರಸಾದರು ಅಷ್ಟನ್ನೇ ಓದಿ ಸಹಿ ಹಾಕಿದರು. ಯಾದವಣ್ಣ ಆಮೇಲೆ ಮೂರು ಸಲ ವಿಷ್ಣುಪ್ರಸಾದರ ಬಳಿ ಬಂದು ಕೇಳಿದರು. ಮೂರನೇ ಸಲ ಅವರ ಸ್ವರ ಬೇಡಿಕೊಳ್ಳುವಂತಿತ್ತು. "ಸರ್, ದೊಡ್ಡ ಮಳೆ ಬಂದರೆ ಉಪ್ಪು ತೊಳೆದುಹೋಗ್ತದೆ, ಅದರ ಹೆದರಿಕೆ ಇಲ್ಲ. ಅದಕ್ಕೆ ಮೊದಲು ಹನಿಯುವ ಮಳೆ ಉಂಟಲ್ಲ, ಅದು ತೊಳೆಯುವುದಿಲ್ಲ, ಬರೀ ಪಸೆ ಮಾಡ್ತದೆ. ಆ ಲೈನ್‌ನಲ್ಲಿ ನನ್ನ ಅಕ್ಕ ಇದ್ದಾಳೆ." ಸಹಿ ಆಗಿಹೋಗಿತ್ತು.

ಮೇ ಕೊನೆಯ ವಾರ, ಸಂಜೆ ನಾಲ್ಕಕ್ಕೆ ಆ ಮಳೆ ಬಂತು. ಮಳೆ ಎನ್ನಲಿಕ್ಕೂ ಆಗದಷ್ಟು, ಕೊಡೆ ಬಿಡಿಸಲು ನಾಚಿಕೆಯಾಗುವಷ್ಟು. ಹತ್ತು ನಿಮಿಷಕ್ಕೆ ಬೋಳಾರದ ಲೈನ್ ಬಿತ್ತು. ಮತ್ತೆ ಕೊಟ್ಟರು, ಮತ್ತೆ ಬಿತ್ತು.

ಜೊತೆಗಾರ ರಜೆಯಲ್ಲಿದ್ದ. ಯಾದವಣ್ಣ ಲೈನ್ ಬಂದ್ ಮಾಡಿಸಿ, ಯತಿನ್‌ನ ಸ್ಕೂಟರಿನ ಹಿಂದೆ ಹತ್ತಿ ಕೂತರು. ಕೆಳಗಿಂದ ನೋಡಿದರೆ ಹನ್ನೊಂದೂ ಕಂಬಗಳು ಸರಿಯಾಗಿಯೇ ಇದ್ದವು. ಗಾಜಿನವು ಇಡಿಯಾಗಿದ್ದವು. ಹಾಗಾದರೆ ಪಿಂಗಾಣಿಯದ್ದೇ. ಒಂದೊಂದನ್ನೂ ಹತ್ತಿ ನೋಡಬೇಕು. ಎರಡನೇ ಕಂಬದ ಬುಡದಲ್ಲಿ ಫೋನ್ ಬಂತು. ಅಕ್ಕುವಿನ ಮಗಳು ಮೋಕ್ಷಾ.

"ಮಾಮ, ಇನ್ವರ್ಟರ್ ಕೂಗ್ಲಿಕ್ಕೆ ಶುರುವಾಯ್ತು. ಇನ್ನು ಅರ್ಧ ಗಂಟೆ ಬರ್ತದಾ ಇಲ್ವಾ ಗೊತ್ತಿಲ್ಲ."

"ಆಂಬ್ಯುಲೆನ್ಸ್?"

"ಜಪ್ಪುವಿನ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿದೆಯಂತೆ. ನೀವು ಬನ್ನಿ ಮಾಮ!"

"ನಾನು ಬಂದು ಎಂತ ಮಾಡ್ಲಿ? ನನ್ನಿಂದ ಆಗುವುದು ಇಲ್ಲಿ ಉಂಟು," ಎಂದು ಫೋನನ್ನು ಯತಿನ್‌ನ ಕೈಗೆ ತುರುಕಿದರು.

ಐವತ್ತೇಳರ ಮನುಷ್ಯ ಒದ್ದೆ ಕಂಬಗಳನ್ನು ಹತ್ತಿ ಇಳಿದರು. ಮೂರು, ನಾಲ್ಕು, ಐದು. ಮೊಣಕೈ ತರಚಿ ರಕ್ತ ಬರುತ್ತಿತ್ತು. ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಮೊದಲು ಮೋಕ್ಷಾ "ಬೆರಳು ನೀಲಿಯಾಗ್ತಾ ಉಂಟು" ಎಂದಳು. ಆಮೇಲೆ "ಮಾತಾಡ್ತಾ ಇಲ್ಲ" ಎಂದಳು. ಆಮೇಲೆ ಬರೀ ಅತ್ತಳು. ಎಲ್ಲವನ್ನೂ ಕಂಬದ ಮೇಲಕ್ಕೆ ಕೂಗಿ ಹೇಳುವ ಕೆಲಸ ಯತಿನ್‌ನದ್ದು. ಕೊನೆಯ ಎರಡನ್ನು ಅವನು ಹೇಳಲಿಲ್ಲ. ಅಷ್ಟು ಧೈರ್ಯ ಅವನ ಸಂಬಳದಲ್ಲಿ ಸೇರಿರಲಿಲ್ಲ.

ಏಳನೆಯದರಲ್ಲಿ ಸಿಕ್ಕಿತು. ಪಿಂಗಾಣಿಯ ಮೇಲೆ, ಒದ್ದೆ ಉಪ್ಪಿನಲ್ಲಿ ಕರೆಂಟು ಇಳಿದು ಸುಟ್ಟ, ಕೂದಲಿನಷ್ಟು ಸಣ್ಣ ಕಪ್ಪು ಗೆರೆ. ಬದಲಿಸಿ ಲೈನ್ ಕೊಡುವಾಗ ಐದೂ ಮುಕ್ಕಾಲು. ಬೀದಿಯ ಮನೆಗಳಲ್ಲಿ "ಬಂತು, ಬಂತು" ಎಂದು ಮಕ್ಕಳು ಕೂಗಿದರು. ಅಷ್ಟರಲ್ಲಿ ಅಕ್ಕುವನ್ನು ಆಸ್ಪತ್ರೆಗೆ ಸಾಗಿಸಿಯಾಗಿತ್ತು.

ಮರುದಿನ ಆಕಾಶವೇ ಕಳಚಿ ಬಿದ್ದ ಹಾಗೆ ಮಳೆ. ಹನ್ನೊಂದು ಕಂಬಗಳೂ ತೊಳೆದು ಫಳಫಳ ಎನ್ನುತ್ತಿದ್ದವು. ಲೈನ್ ಒಮ್ಮೆಯೂ ಬೀಳಲಿಲ್ಲ. ಆಸ್ಪತ್ರೆಯಲ್ಲಿ ಅಕ್ಕು ಕಣ್ಣು ತೆರೆದಳು. ಆದರೆ ತಮ್ಮನನ್ನು ನೋಡಿ ಇವನಾರು ಎಂಬಂತೆ ಮುಖ ತಿರುಗಿಸಿದಳು. ಮಿದುಳಿಗೆ ಉಸಿರು ಸಾಕಾಗಿಲ್ಲ, ಇನ್ನು ಹೀಗೇ ಇರಬಹುದು ಎಂದರು ಡಾಕ್ಟರು.

ಹೊರಗೆ ಬೆಂಚಿನ ಮೇಲೆ ಯಾದವಣ್ಣ ಕೂತಿದ್ದರು. ಯತಿನ್ ಪಕ್ಕದಲ್ಲಿ ಕೂತು, ಎದ್ದು, ಮತ್ತೆ ಕೂತ.

"ಯಾದವಣ್ಣ, ಆ ಅರ್ಜಿಯಲ್ಲಿ ತುರ್ತಿಲ್ಲ ಅಂತ ಬರೆದದ್ದು ನಾನು. ಅಕ್ಕನಿಗೆ ಹೀಗಾದದ್ದು ನನ್ನಿಂದಲಾ?"

ಹಣೆಬರಹ ಮಾರಾಯ, ನೀನೆಂತ ಮಾಡ್ತಿ ಎಂದಾರು ಎಂದು ಅವನು ಆಸೆಯಿಂದ ಕಾದ.

ಯಾದವಣ್ಣ ಅವನ ಮುಖವನ್ನೇ ನೋಡಿದರು. "ಹೌದು," ಎಂದರು. "ನಿನ್ನಿಂದ."