ಕೋಣೆಯ ಗಾಳಿ ಅಳೆದ ಡಬ್ಬಿ

ನನ್ನ ಹೆಂಡತಿ ಹನ್ನೆರಡು ವರ್ಷ ಮಲಗಿದ್ದು ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯಲ್ಲಿ. ತಿಪಟೂರಿನ ಅಂಚಿನ ಹೊಸ ಬಡಾವಣೆಯಲ್ಲಿ ನಾನು ಕಟ್ಟಿಸಿದ ಮನೆ ಅದು. ಗೋಡೆಯೂ ಕಲ್ಲು, ನೆಲವೂ ಕಲ್ಲುಚಪ್ಪಡಿ. ಮೇಷ್ಟರ ಕೆಲಸವಿದ್ದರೂ ತೋಟದ ಕಾಯಿಯನ್ನು ಅಟ್ಟಕ್ಕೇರಿಸಿ, ಒಳಗಿನ ನೀರು ಬತ್ತಿ ಕೊಬ್ಬರಿಯಾಗುವವರೆಗೆ ವರ್ಷವಿಡೀ ಕಾಯುವುದನ್ನು ನಾನು ಬಿಟ್ಟಿರಲಿಲ್ಲ. ಬಿಸಿಗಾಳಿ ಹೊಕ್ಕರೆ ಚಿಪ್ಪು ಬಿರಿಯುತ್ತದೆ ಎಂದು ನನ್ನ ಹಟ. ಕಿಟಕಿ ತೆಗೆದರೆ ರೇಗುತ್ತಿದ್ದೆ. ಕಾಯಿಗೆ ಇಲಿ ಕಾಟವಿದೆ, ಕಾವಲಿಗೆ ಅಲ್ಲೇ ಮಲಗು ಎಂದವನೂ ನಾನೇ.

ತೊಂಬತ್ತರ ದಶಕದ ಕೊನೆಯಲ್ಲಿ ಅವಳಿಗೆ ಕೆಮ್ಮು ಹಿಡಿಯಿತು. ಬೆಂಗಳೂರಿನ ಡಾಕ್ಟರು ಶ್ವಾಸಕೋಶದ ಕ್ಯಾನ್ಸರ್ ಎಂದರು. ಮನೆಯಲ್ಲಿ ಬೀಡಿ ಸೇದುವವರು ಯಾರು ಎಂದು ಕೇಳಿದರು. ಯಾರೂ ಇಲ್ಲ. ಎಲೆಅಡಿಕೆಗೆ ಹೊಗೆಸೊಪ್ಪು ಕೂಡ ಹಾಕಿದವಳಲ್ಲ ಅವಳು. ಹಾಗಾದರೆ ಎಲ್ಲಿಂದ ಬಂತು ಎಂದು ಯೋಚಿಸಿ ಯೋಚಿಸಿ ನನ್ನ ತಲೆ ಕೆಟ್ಟುಹೋಗಿತ್ತು.

ಅದೇ ಸಮಯಕ್ಕೆ ಮೈಸೂರಿನಿಂದ ಸಂಶೋಧನೆಯ ಹುಡುಗಿಯೊಬ್ಬಳು ಬಡಾವಣೆಗೆ ಬಂದಳು. ನೆಲದಿಂದ, ಕಲ್ಲಿನಿಂದ ರೇಡಾನ್ ಎಂಬ ಅನಿಲ ಬರುತ್ತದಂತೆ. ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಸೇರಿಕೊಂಡರೆ, ವರ್ಷಗಟ್ಟಲೆ ಉಸಿರಾಡಿದವರ ಶ್ವಾಸಕೋಶಕ್ಕೆ ಕೇಡು. ಆ ಹುಡುಗಿಯನ್ನು ನೇರವಾಗಿ ಅಟ್ಟದ ಕೆಳಗಿನ ಕೋಣೆಗೆ ಕರೆದೊಯ್ದೆ. ಅನಿಲದ ಗುರುತು ಬೀಳುವ ಫಿಲ್ಮಿನ ತುಂಡಿಟ್ಟ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಅವಳು ಆ ಕೋಣೆಯಲ್ಲಿ ತೂಗುಹಾಕಿ, ಮೂರು ತಿಂಗಳು ಮುಟ್ಟಬೇಡಿ, ಯಾವಾಗಲೂ ಹೇಗಿರುತ್ತೀರೋ ಹಾಗೇ ಇರಿ ಎಂದಳು.

ಮೂರು ತಿಂಗಳ ಮೇಲೆ ಡಬ್ಬಿ ಒಯ್ದು ಪರೀಕ್ಷಿಸಿ ಉತ್ತರ ಕಳಿಸಿದಳು. ಅನಿಲ ಕಡಿಮೆಯೇ ಇದೆ, ಭಯವಿಲ್ಲ. ಅವತ್ತು ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ. ಹೆಂಡತಿ ಹಾಸಿಗೆ ಹಿಡಿದಿರುವಾಗ, ತಪ್ಪು ನನ್ನದಲ್ಲ ಎಂದು ಸಂತೋಷಪಟ್ಟ ಗಂಡ ನಾನು.

ಮುಂದಿನ ವಾರ ಅಟ್ಟದಿಂದ ಕಾಯಿ ಇಳಿಸಿದೆವು. ಅರ್ಧಕ್ಕರ್ಧ ಚಿಪ್ಪು ಬಿರಿದು ಕೊಬ್ಬರಿ ಕೆಟ್ಟಿತ್ತು. ಕಾಯಿಲೆಯವಳೆಂಬುದನ್ನೂ ನೋಡದೆ ಅವಳ ಮೇಲೆ ಕೂಗಾಡಿದೆ. ಅವಳು ದಮ್ಮು ಕಟ್ಟಿ ಕಟ್ಟಿ ಹೇಳಿದಳು: "ಯಾರ್ದೋ ಸಾಮಾನು ನಮ್ಮನೇಲಿ ನೇತಾಡ್ತಿರುವಾಗ ಧೂಳು ಹಿಡ್ಸಕಾಯ್ತದೇನ್ರೀ? ಆ ಹುಡ್ಗಿ ಬಂದು ನೋಡುದ್ರೆ ಏನಂದ್ಕಂತಾಳೆ? ನೀವು ಸ್ಕೂಲಿಗೆ ಹೋದ್ಮೇಲೆ ದಿನಾ ಕೆಲ್ಸದೋಳ ಕೈಲಿ ಕಿಟ್ಕಿ ತೆಗ್ಸಿ ಗುಡ್ಸುಸ್ತಿದ್ದೆ. ನೀವು ಬರೋ ಹೊತ್ಗೆ ಮುಚ್ಚುಸ್ತಿದ್ದೆ."

ನೆಂಟರು ಉಳಿದುಕೊಂಡ ಕೋಣೆಯನ್ನು ನೋಡಿಕೊಳ್ಳುವ ಹಾಗೆ ಅವಳು ಆ ಡಬ್ಬಿಯನ್ನು ನೋಡಿಕೊಂಡಿದ್ದಳು. ಡಬ್ಬಿ ಅಳೆದದ್ದು ಕಿಟಕಿ ತೆಗೆದಿದ್ದ ಆ ಮೂರು ತಿಂಗಳ ಗಾಳಿಯನ್ನು ಮಾತ್ರ. ಹನ್ನೆರಡು ವರ್ಷದ್ದು ಹಾಗೇ ಉಳಿಯಿತು.

ಮೈಸೂರಿಗೆ ಓಡಿದೆ. ಇನ್ನೊಂದು ಡಬ್ಬಿ ಕೊಡಿ ಎಂದು ಅಂಗಲಾಚಿದೆ. ಆ ಹುಡುಗಿ ಕೊಟ್ಟಳು. ಮತ್ತೆ ಮೂರು ತಿಂಗಳು ಬೇಕು, ಮೊದಲು ಮುಚ್ಚಿರುತ್ತಿದ್ದ ಹಾಗೆಯೇ ಕಿಟಕಿ ಮುಚ್ಚಿರಬೇಕು ಎಂದಳು. ಆ ಕೋಣೆಯಲ್ಲಿ ಯಾರು ಮಲಗುತ್ತಾರೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಡಬ್ಬಿ ಹಿಡಿದು ಮನೆಗೆ ಬಂದಾಗ ನನ್ನವಳು ಅದೇ ಕೋಣೆಯಲ್ಲಿ, ತೆರೆದ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಳು. ಗಾಳಿ ಬರುವ ಕಡೆ ತಿರುಗಿದರೆ ಮಾತ್ರ ಉಸಿರು ಆಡುತ್ತಿತ್ತು. ನನ್ನ ಮುಖ ನೋಡಿದಳು, ಡಬ್ಬಿ ನೋಡಿದಳು. ಎಲ್ಲ ಅರ್ಥವಾಯಿತು ಅವಳಿಗೆ.

"ಮುಚ್ಚಿ ಕಣ್ರೀ," ಅಂದಳು. "ನಿಮ್ಮ ಮನಸ್ಸಿಗೆ ಸಮಾಧಾನ ಆಗ್ಲಿ."

ನಾನು ಮುಚ್ಚಲಿಲ್ಲ ಎಂದೇ ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಿಜವೆಂದರೆ, ಕಿಟಕಿಯ ಒಂದು ಬಾಗಿಲು ಮುಚ್ಚಿ, ಎರಡನೆಯದಕ್ಕೆ ಕೈ ಹಾಕಿದ್ದೆ. ಅಷ್ಟರಲ್ಲಿ ಅವಳಿಗೆ ಬಂದ ಕೆಮ್ಮೇ ನನ್ನ ಕೈ ತಡೆದದ್ದು.